ಕರೆಯುವವರೆಗೆ ತಿರುಗದವಳು

ಒಂದು ಪ್ಲಾಸ್ಟಿಕ್ ಕುರ್ಚಿ, ಎರಡು ಹೊಸ ನೈಟಿ, ಒಂದು ದೊಡ್ಡ ಡಬ್ಬ ತುಂಬ ಗೋಳಿಬಜೆ, ಮತ್ತು ಮಣಿಪಾಲದ ಒಂದು ಲಿಫ್ಟಿನ ಎದುರು ಕಳೆದುಹೋದ ನನ್ನ ಅರ್ಧ ಮರ್ಯಾದೆ. ವಿಡಿಯೋ ಗೇಮಿನೊಳಗೆ ನಂಬುವಂಥ ಒಬ್ಬ ಹೆಂಗಸನ್ನು ತಯಾರು ಮಾಡಲಿಕ್ಕೆ ನನಗೆ ತಗಲಿದ ಖರ್ಚು ಇಷ್ಟು. ವ್ಯಾಪಾರದವಳಾದ ಕಾರಣ ಮೊದಲೇ ಹೇಳಿಬಿಡುತ್ತೇನೆ. ಖರ್ಚನ್ನು ಕಡೆಗೆ ಹೇಳಿದರೆ ಗಿರಾಕಿಗೆ ಸಂಶಯ ಬರುತ್ತದೆ. ಇಷ್ಟೆಲ್ಲ ಯಾಕೆ ಖರ್ಚಾಯಿತು ಎಂದರೆ, ಯಾರಾದರೂ ಸಲಹೆ ಕೇಳಿದರೆ ಕೊಡದೆ ಇರಲಿಕ್ಕೆ ನನ್ನಿಂದಾಗುವುದಿಲ್ಲ. ಕೇಳದಿದ್ದರೂ ದೊಡ್ಡ ವ್ಯತ್ಯಾಸವೇನಿಲ್ಲ.

ಉಡುಪಿಯ ಸಿಟಿ ಬಸ್ ನಿಲ್ದಾಣದ ಹತ್ತಿರ ನನಗೊಂದು ನೈಟಿ ಅಂಗಡಿ ಉಂಟು. ಅದಕ್ಕಿಂತ ಮೊದಲು ಅಂಗಡಿ ನನ್ನ ಹೆಗಲ ಮೇಲೆಯೇ ಇತ್ತು. ಬಸ್ಸಿಳಿದು, ಎರಡು ಚೀಲ ಹೊತ್ತುಕೊಂಡು, ಕಾಪು, ಮಟ್ಟು, ಕೆಮ್ಮಣ್ಣು ಎಂದು ಮನೆಮನೆ ತಿರುಗುತ್ತಿದ್ದೆ. ಮಟ್ಟುವಿನ ಹೆಂಗಸರು ತಮ್ಮ ಗದ್ದೆಯ ಗುಳ್ಳ ಬದನೆಯ ಬೆಲೆಯನ್ನು ಒಂದು ರೂಪಾಯಿ ಇಳಿಸುವವರಲ್ಲ, ನನ್ನ ನೈಟಿಯನ್ನು ಮಾತ್ರ ಅರ್ಧ ಬೆಲೆಗೆ ಕೇಳುವವರು. ಕೈಯಲ್ಲೊಂದು ಬದನೆಕಾಯಿ ಹಿಡಿದು ಅವರು ನನ್ನನ್ನು ನೋಡುತ್ತಿದ್ದ ರೀತಿಯಲ್ಲೇ ನನ್ನ ಕಾಲೇಜು ಮುಗಿಯಿತು. ಈಗ ನಾನು ಯಾವ ಅಂಗಡಿಗೆ ಹೋದರೂ ಅಂಗಡಿಯವರು ನೀರು ಕುಡಿದು ಕೂರುತ್ತಾರೆ.

ನನ್ನ ತಂಗಿಯ ಮನೆ ಬಜಗೋಳಿಯಲ್ಲಿ. ಅವಳ ಮಗಳು ಪ್ರತೀಕ್ಷಾ ಮಣಿಪಾಲದಲ್ಲಿ ವಿಡಿಯೋ ಗೇಮ್ ತಯಾರಿಸುವ ಒಂದು ಸಣ್ಣ ಕಂಪನಿಗೆ ಸೇರಿದಾಗ, ದಿನಾ ಅಷ್ಟು ದೂರ ಬಸ್ಸಿನಲ್ಲಿ ಓಡಾಡುವುದು ಬೇಡವೆಂದು ನಮ್ಮ ಮನೆಯಲ್ಲೇ ಉಳಿದಳು. ಕೆಲಸ ಎಂತದ್ದು ಎಂದು ಕೇಳಿದರೆ, ತೆಂಗಿನ ಮರ ಬಿಡಿಸುವುದು ಅಂದಳು. ಆಟದ ನಾಯಕಿ ಓಡುವಾಗ ಹಿಂದೆ ಮರ, ಕಲ್ಲು, ಹುಲ್ಲು ಕಾಣಬೇಕಲ್ಲ, ಅದು ಇವಳ ಪಾಲಿಗೆ ಬಂದದ್ದು. ತೆಂಗಿನ ಮರಕ್ಕೆ ಸಂಬಳ ಕೊಡುತ್ತಾರೆ ಎಂದು ನಾನು ಫೋನಿನಲ್ಲಿ ಹೇಳಿದಾಗ ತಂಗಿ, "ನಮ್ಮ ಹಿತ್ತಿಲಲ್ಲೇ ಉಂಟಲ್ಲ ಅಕ್ಕ, ಫೋಟೋ ತೆಗೆದುಕೊಂಡು ಹೋಗ್ಲಿ" ಅಂದಳು. ಎರಡು ವರ್ಷ ಮರ ಬಿಡಿಸಿದ ಮೇಲೆ ಪ್ರತೀಕ್ಷಾಳಿಗೆ ಒಂದು ಅವಕಾಶ ಸಿಕ್ಕಿತು. ಕಂಪನಿಯ ಆಟದ ನಾಯಕಿಯನ್ನು ನೋಡಿ, ಹಣ ಹಾಕುವವರು "ಇಂಥವಳು ಎಲ್ಲಾ ಆಟದಲ್ಲೂ ಇದ್ದಾಳೆ" ಎಂದಿದ್ದರಂತೆ. ತಿಂಗಳೊಳಗೆ ಪ್ರತೀಕ್ಷಾ ಬೇರೆ ನಾಯಕಿಯನ್ನು ಮಾಡಿ ತೋರಿಸಬೇಕು. ಅವರಿಗೆ ನಂಬಿಕೆ ಬಂದರೆ ಮುಂದೆ ಅವಳು ಮನುಷ್ಯರನ್ನು ಬಿಡಿಸಬಹುದು. ಬಾರದಿದ್ದರೆ ಪುನಃ ತೆಂಗಿನ ಮರ.

ಹಳೆಯ ನಾಯಕಿಯನ್ನು ಅವಳು ನನಗೆ ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಹೆಸರು ಅಗ್ನಿಕಾ. ಸಮುದ್ರದ ರಾಕ್ಷಸನೊಬ್ಬ ಅವಳ ದೋಣಿ ಕದ್ದಿದ್ದಾನೆ, ಅದನ್ನು ಬಿಡಿಸಿಕೊಂಡು ಬರಬೇಕು. ಅದಕ್ಕಾಗಿ ಅವಳು ಎದೆಗೆ, ಭುಜಕ್ಕೆ, ಮೊಣಕಾಲಿಗೆ ಕಬ್ಬಿಣ ಹಾಕಿಕೊಂಡಿದ್ದಳು. ಹೊಟ್ಟೆಗೆ ಮಾತ್ರ ಏನೂ ಇರಲಿಲ್ಲ.

"ರಾಕ್ಷಸ ಹೊಟ್ಟೆಗೆ ಚುಚ್ಚುವುದಿಲ್ಲವಾ?" ಎಂದು ಕೇಳಿದೆ.

"ಡಿಸೈನ್ ಹಾಗೆ, ದೊಡ್ಡಮ್ಮ."

"ಬಟ್ಟೆ ಸಾಕಾಗದಿದ್ದರೆ ನನ್ನ ಹತ್ತಿರ ಹೇಳಬೇಕಿತ್ತು. ಕಟ್‌ಪೀಸ್ ಬೇಕಾದಷ್ಟು ಉಂಟು. ಮತ್ತೆ ಈ ಕೂದಲು ಎಂತ? ಕಾಪು ಬೀಚಿನಲ್ಲಿ ಸಂಜೆ ಕೂದಲು ಬಿಟ್ಟುಕೊಂಡು ಒಂದು ಸಲ ನಿಲ್ಲಲಿ ನೋಡುವ. ರಾಕ್ಷಸ ಎದುರಿಗೆ ಬಂದರೂ ಅವಳಿಗೆ ಕಾಣ್ಲಿಕ್ಕಿಲ್ಲ. ಕಾಲಲ್ಲಿ ಹೈಹೀಲ್ಸ್ ಬೇರೆ! ಹೊಯಿಗೆಯಲ್ಲಿ ಅದು ಹೂತು ಹೋಗುವುದಿಲ್ಲವಾ? ಮನೆಯ ಬೀಗದ ಕೈ ಎಲ್ಲಿಟ್ಟಿದ್ದಾಳೆ? ಒಂದು ಕಿಸೆ ಇಲ್ಲ, ಚೀಲ ಇಲ್ಲ. ದೋಣಿ ಸಿಕ್ಕಿ ಮನೆಗೆ ಬಂದ ಮೇಲೆ ಹೊರಗೆ ಕೂತ್ಕೊಳ್ಳುವುದಾ?"

ಪ್ರತೀಕ್ಷಾ, "ನಿಮ್ಮ ಅಂಗಡಿಯ ಗೊಂಬೆಯ ಸೊಂಟ ಎಷ್ಟು ದೊಡ್ಡಮ್ಮ?" ಎಂದಳು. ನನ್ನ ಅಂಗಡಿಯ ಎದುರು ಗಾಜಿನೊಳಗೆ ನೈಟಿ ಹಾಕಿ ನಿಲ್ಲಿಸಿದ ಗೊಂಬೆಯ ವಿಷಯ. ಅದರ ಸೊಂಟ ಎಷ್ಟು ಸಪೂರ ಎಂದರೆ ಉಡುಪಿ ತಾಲೂಕಿನಲ್ಲಿ ಯಾರಿಗೆ ಆಗುವ ನೈಟಿಯೂ ಅದಕ್ಕೆ ಆಗುವುದಿಲ್ಲ. ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ ಹಾಕಿ ಬಿಗಿ ಮಾಡಿದ್ದೇನೆ. ಎದುರಿನಿಂದ ನೋಡಿದವರಿಗೆ ರಾಣಿ, ಹಿಂದಿನಿಂದ ನೋಡಿದವರಿಗೆ ಹಗ್ಗದ ಮೇಲೆ ಒಣಗುತ್ತಿರುವ ಬಟ್ಟೆ. "ಅದು ಓಡುವುದಿಲ್ಲ, ಯುದ್ಧಕ್ಕೆ ಹೋಗುವುದಿಲ್ಲ. ಅದು ಇರುವುದು ಸಾಮಾನು ಮಾರಲಿಕ್ಕೆ" ಎಂದೆ. "ಅಗ್ನಿಕಾ ಇರುವುದೂ ಅದಕ್ಕೇ ದೊಡ್ಡಮ್ಮ" ಎಂದು ಹೇಳಿ ಪ್ರತೀಕ್ಷಾ ಲ್ಯಾಪ್‌ಟಾಪ್ ಮುಚ್ಚಿದಳು. ಈ ಕಾಲದ ಮಕ್ಕಳು ನಮ್ಮ ಮನೆಯ ಅನ್ನ ತಿಂದು ಎಷ್ಟು ಚೆನ್ನಾಗಿ ಮಾತಾಡಲು ಕಲಿಯುತ್ತಾರೆ ಎಂದು ನನಗೆ ಒಂದು ಕಡೆ ಹೆಮ್ಮೆಯೂ ಆಯಿತು.

ಮರುವಾರ ನಾನೇ ಮಣಿಪಾಲಕ್ಕೆ ಹೋದೆ. ಎರಡನೇ ಮಹಡಿಯಲ್ಲಿ ಅವರ ಕಚೇರಿ. ಮಾಲೀಕ ವಿನಯ್ ಗದಗದ ಕಡೆಯವನು, ಓದಲಿಕ್ಕೆ ಬಂದು ಇಲ್ಲೇ ಉಳಿದವನು. ಮರ್ಯಾದಸ್ಥ ಹುಡುಗ; ಎದ್ದು ನಿಂತು ಕುರ್ಚಿ ಕೊಟ್ಟ. ನಾನು ಕೂತೆ, ಮತ್ತು ಚೌಕಾಸಿ ಶುರು ಮಾಡಿದೆ. ಜೀವನದಲ್ಲಿ ಮೊದಲ ಸಲ ಇಳಿಸಲಿಕ್ಕಲ್ಲ, ಏರಿಸಲಿಕ್ಕೆ. ನಾಯಕಿಯ ಪ್ರಾಯ ಅವನು ಇಪ್ಪತ್ತೆರಡು ಹೇಳಿದ, ನಾನು ಐವತ್ತು ಹೇಳಿದೆ.

"ಅಲ್ರೀ ಅಕ್ಕಾರ, ಐವತ್ತು ವರ್ಷದಾಕಿ ರಾಕ್ಷಸನ ಕೂಡ ಹೆಂಗ ಹೊಡದಾಡ್ತಾಳ್ರೀ?"

"ದೀಪಾವಳಿ ಸಮಯದಲ್ಲಿ ನನ್ನ ಅಂಗಡಿಗೆ ಬನ್ನಿ, ತೋರಿಸ್ತೇನೆ."

ಮೂವತ್ತೆಂಟಕ್ಕೆ ಮುಗಿಯಿತು. ಸೊಂಟದ ವಿಷಯದಲ್ಲಿ ಅವನು ಬಹಳ ಗಟ್ಟಿ ನಿಂತ. ಅಂಗುಲ ಅಂಗುಲವಾಗಿ ಮೇಲೆ ತರಬೇಕಾಯಿತು. ಹೆಸರು ಅಗ್ನಿಕಾ ಹೋಗಿ ಸುಮತಿ ಆಯಿತು. ಬಟ್ಟೆಗೆ ನಾನು ನೈಟಿಯನ್ನೇ ಹೇಳಿದ್ದೆ. ವಿನಯ್ ಕೈ ಮುಗಿದ. "ನೈಟಿ ಹಾಕ್ಕೊಂಡು ಯಾರರೆ ಯುದ್ಧಕ್ಕ ಹೊಕ್ಕಾರೇನ್ರೀ?" ಎಂದ. ಬೇರೆಲ್ಲ ಯುದ್ಧ ಅದರಲ್ಲೇ ನಡೆಯುತ್ತಿರುವುದು ಮಾರಾಯ್ರೇ ಎಂದು ನಾನು ಎಷ್ಟು ವಿವರಿಸಿದರೂ ಅವನಿಗೆ ಹಿಡಿಸಲಿಲ್ಲ. ಕಡೆಗೆ ಎರಡು ಕಿಸೆಗಳ ಹತ್ತಿಯ ಚೂಡಿದಾರ, ಸೊಂಟಕ್ಕೆ ಬಿಗಿದು ಕಟ್ಟಿದ ಶಾಲು, ರಬ್ಬರ್ ಚಪ್ಪಲಿ, ಹೆಗಲಿಗೊಂದು ಚೀಲ ಎಂದು ಒಪ್ಪಂದವಾಯಿತು. ನೈಟಿ ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಇನ್ನೊಂದು ಅಂಗುಲ ಸೊಂಟ ಪಡೆದೆ.

ಆಮೇಲೆ ಅವಳು ನಡೆಯುವುದು, ಕೂರುವುದು, ಹಾರುವುದು ಎಲ್ಲ ಬೇಕಲ್ಲ. ಅದಕ್ಕೆ ಒಬ್ಬ ಮನುಷ್ಯ ಹಾಗೆ ಮಾಡಿ ತೋರಿಸಬೇಕು, ಕ್ಯಾಮೆರಾ ಅದನ್ನು ಹಿಡಿದು ನಾಯಕಿಗೆ ಕಲಿಸುತ್ತದೆ. ಮೈಗೆ ಅಂಟಿ ಕೂರುವ ಕಪ್ಪು ಉಡುಪು ಹಾಕಬೇಕಂತೆ, ಅದರ ಮೇಲೆ ಬಿಳಿ ಗುಂಡುಗಳು. ಆ ಉಡುಪನ್ನು ನಾನು ಬೆರಳಲ್ಲಿ ಎತ್ತಿ ನೋಡಿ ವಾಪಸು ಇಟ್ಟೆ. ಹಾಗಾಗಿ ನನ್ನ ನೈಟಿಯ ಮೇಲೆಯೇ ಗುಂಡು ಅಂಟಿಸಿ, ಬಟ್ಟೆ ಹಾರದ ಹಾಗೆ ಅಲ್ಲಲ್ಲಿ ಟೇಪು ಸುತ್ತಿದರು. ಎರಡು ನೈಟಿ ಹೋದದ್ದು ಹೀಗೆ. ಗೋಂದು ಎಷ್ಟು ತೊಳೆದರೂ ಹೋಗಲಿಲ್ಲ.

"ಗೋಡೆಯಿಂದ ಹಾರಬೇಕು ಆಂಟಿ" ಎಂದು ಕಂಪ್ಯೂಟರಿನಲ್ಲಿ ಆಟದ ಪ್ರೋಗ್ರಾಂ ಬರೆಯುವ ಶರತ್ ಒಂದು ಪ್ಲಾಸ್ಟಿಕ್ ಕುರ್ಚಿ ತೋರಿಸಿದ. ಗೋಡೆಯಿಂದ ಯಾವ ಹೆಂಗಸು ಹಾರುತ್ತಾಳೆ? ಮೊದಲು ಚೀಲ ಕೆಳಗೆ ಬಿಡುತ್ತಾಳೆ. ಮತ್ತೆ ಯಾರೂ ನೋಡುತ್ತಿಲ್ಲ ಎಂದು ಆಚೀಚೆ ನೋಡಿ, ಗೋಡೆಯ ಮೇಲೆ ಕೂತು, ತಿರುಗಿ, ಕಾಲಿನಲ್ಲಿ ನೆಲ ಹುಡುಕುತ್ತಾ ಇಳಿಯುತ್ತಾಳೆ. ನಾನು ಹಾಗೆಯೇ ಮಾಡಿದೆ. ತಿರುಗುವವರೆಗೆ ಕುರ್ಚಿ ಸಹಕರಿಸಿತು. ಕಾಲು ಮುರಿದದ್ದು ಕುರ್ಚಿಯದ್ದು ಮಾತ್ರ. ನನ್ನಿಂದ ಮುರಿದದ್ದಕ್ಕೆ ಹೊಸ ಕುರ್ಚಿ ನಾನೇ ತಂದುಕೊಟ್ಟೆ, ಅದೂ ಒಳ್ಳೆಯ ಬೆಲೆಗೆ.

ಆಟದಲ್ಲಿ ಒಂದು ದೊಡ್ಡ ಬಂಡೆಯ ಬೆಟ್ಟ ಉಂಟು, ಕಾರ್ಕಳದ ಬೆಟ್ಟವನ್ನು ನೋಡಿ ಪ್ರತೀಕ್ಷಾಳೇ ಬಿಡಿಸಿದ್ದು. ಅಗ್ನಿಕಾ ಅದರ ಮೆಟ್ಟಿಲುಗಳನ್ನು ಒಂದೇ ಉಸಿರಿಗೆ ಓಡಿ ಹತ್ತುತ್ತಿದ್ದಳು. ಸುಮತಿ ಹಾಗೆ ಹತ್ತಬಾರದು ಎಂದೆ. ನಡುವಿನಲ್ಲಿ ನಿಂತು, ಸೊಂಟಕ್ಕೆ ಕೈಯಿಟ್ಟು, "ಓ, ಇಲ್ಲಿಂದ ಊರು ಎಷ್ಟು ಚಂದ ಕಾಣ್ತದೆ" ಎನ್ನುವ ಮುಖ ಮಾಡಿ ಉಸಿರು ತೆಗೆದುಕೊಳ್ಳಬೇಕು. ನಾವೆಲ್ಲ ಕಾರ್ಕಳದಲ್ಲಿ ಊರು ನೋಡಿದ್ದು ಹಾಗೆಯೇ.

ಇಷ್ಟಾದ ಮೇಲೂ ಏನೋ ಸರಿಯಾಗಲಿಲ್ಲ. ಪ್ರತೀಕ್ಷಾ ರಾತ್ರಿ ಊಟಕ್ಕೆ ಕೂತು ತಟ್ಟೆಯಲ್ಲಿ ಗೆರೆ ಎಳೆಯುತ್ತಿದ್ದಳು. "ನೋಡಲಿಕ್ಕೆ ಸರಿ ಇದ್ದಾಳೆ ದೊಡ್ಡಮ್ಮ. ಆದರೆ ಜೀವ ಇಲ್ಲ. ಅಗ್ನಿಕಾಳಿಗೆ ಬೇರೆ ಬಟ್ಟೆ ಹಾಕಿದ ಹಾಗೆ ಆಗಿದೆ." ತೋರಿಸು ಎಂದೆ. ಸುಮತಿ ಸಮುದ್ರದ ಬದಿಯ ಒಂದು ಅಂಗಡಿಗೆ ಹೋದಳು. ದೋಣಿ ಎಳೆಯಲಿಕ್ಕೆ ಹಗ್ಗ ಬೇಕು. ಅಂಗಡಿಯವನು ಬೆಲೆ ಹೇಳಿದ. ಸುಮತಿ ದುಡ್ಡು ಕೊಟ್ಟಳು. ಹಗ್ಗ ಚೀಲಕ್ಕೆ ಬಂತು.

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಹೇಳಿದ ಬೆಲೆ ಕೊಟ್ಟಳಾ?"

"ಹೌದು. ಯಾಕೆ?"

"ಮಾರಾಯ್ತೀ, ಸೊಂಟ ನಿನಗೆ ಬೇಕಾದಷ್ಟು ಇಟ್ಟುಕೋ. ಹೇಳಿದ ಬೆಲೆ ಕೊಟ್ಟು ಬರುವ ಹೆಂಗಸನ್ನು ಈ ಊರಿನಲ್ಲಿ ಯಾರು ನಂಬುತ್ತಾರೆ?"

ಮರುದಿನ ಪುನಃ ನನಗೆ ಗುಂಡು ಅಂಟಿಸಿದರು. ಹಗ್ಗ ಕೊಳ್ಳುವ ಕ್ರಮವನ್ನು ನಾನು ಒಂದೊಂದಾಗಿ ಮಾಡಿ ತೋರಿಸಿದೆ. ಬೆಲೆ ಕೇಳಿ ನಗಬೇಕು. ಜೋರಾಗಿ ಅಲ್ಲ, ಅಂಗಡಿಯವನ ಮೇಲೆ ಕನಿಕರ ಬಂದ ಹಾಗೆ. ಹಗ್ಗವನ್ನು ಎಳೆದು ನೋಡಿ, ಸಿಗದ ದೋಷವೊಂದು ಸಿಕ್ಕಿದ ಹಾಗೆ ಮುಖ ಮಾಡಬೇಕು. ಆಚೆಯ ಅಂಗಡಿಯಲ್ಲಿ ಇದೇ ಹಗ್ಗ ಎಷ್ಟಕ್ಕೆ ಸಿಗುತ್ತದೆ ಎಂದು ಹೇಳಬೇಕು. ಆಚೆ ಅಂಗಡಿ ಇರಲೇಬೇಕೆಂದಿಲ್ಲ. ನಂತರ ಹಗ್ಗವನ್ನು ಮೆಲ್ಲ ಕೆಳಗಿಟ್ಟು, ಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿ, ಹೊರಟುಬಿಡಬೇಕು. ಇಡೀ ವ್ಯಾಪಾರದಲ್ಲಿ ಮುಖ್ಯವಾದದ್ದು ಇದು. ಬೇಗ ನಡೆದರೆ ನಿಜವಾಗಿ ಹೋಗುತ್ತಿದ್ದಾಳೆ ಎಂದಾಗುತ್ತದೆ, ನಿಧಾನ ಮಾಡಿದರೆ ಕಾಯುತ್ತಿದ್ದಾಳೆ ಎಂದು ಗೊತ್ತಾಗುತ್ತದೆ. ಕಾಲು ಮುಂದೆ ಹೋಗಬೇಕು, ಕಿವಿ ಅಂಗಡಿಯಲ್ಲೇ ಇರಬೇಕು. "ಅಂಗಡಿಯವನು ಕರೆಯುವವರೆಗೆ ತಿರುಗಬಾರದು. ತಿರುಗಿದರೆ ಹೇಳಿದ ಬೆಲೆಯೇ ಗತಿ. ಬರೆದುಕೋ" ಎಂದು ಶರತ್‌ಗೆ ಒತ್ತಿ ಒತ್ತಿ ಹೇಳಿದೆ. ಪಾಪ, ಅವನು ಬರೆದುಕೊಂಡ.

ಹಣ ಹಾಕುವವರು ಬರುವ ದಿನ ನಾನೂ ಹೋದೆ. ಬರಿಗೈಯಲ್ಲಿ ಹೋಗಬಾರದೆಂದು ಸ್ಟೀಲ್ ಡಬ್ಬದಲ್ಲಿ ಬಿಸಿ ಗೋಳಿಬಜೆ ತೆಗೆದುಕೊಂಡು ಹೋದೆ. ಬಂದವರು ಬೆಂಗಳೂರಿನ ಇಬ್ಬರು. ಒಬ್ಬರು ಮಾತೇ ಆಡದ ಗಂಡಸು, ಇನ್ನೊಬ್ಬರು ಬೆಳ್ಳಿ ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡ ಮೇಡಂ. ವಿನಯ್ ಮೊದಲು ಅಗ್ನಿಕಾಳನ್ನು ತೋರಿಸಿದ. ಅವಳು ಬಂಡೆಯ ತುದಿಯಿಂದ ಕೆಳಗೆ ಬಿದ್ದಳು. ಮೇಡಂ ಒಂದು ಗೋಳಿಬಜೆ ತೆಗೆದುಕೊಂಡರು. ಮತ್ತೆ ಸುಮತಿ ಬಂದಳು. ಕಂಟ್ರೋಲರನ್ನು ಮೇಡಮ್ಮೇ ಕೈಗೆ ತೆಗೆದುಕೊಂಡರು. ಬೆಟ್ಟದ ನಡುವೆ ಸುಮತಿ ಸೊಂಟಕ್ಕೆ ಕೈಯಿಟ್ಟು ಊರು ನೋಡಿದಾಗ ಅವರ ಬಾಯಿ ಸ್ವಲ್ಪ ಅರಳಿತು. ಪ್ರತೀಕ್ಷಾ ನನ್ನ ಕೈ ಹಿಡಿದುಕೊಂಡಳು.

ಸುಮತಿ ಹಗ್ಗದ ಅಂಗಡಿಗೆ ಬಂದಳು. ಬೆಲೆ ಕೇಳಿದಳು, ಕನಿಕರದಿಂದ ನಕ್ಕಳು, ಹಗ್ಗ ಎಳೆದು ನೋಡಿದಳು, ಕೆಳಗಿಟ್ಟಳು. ಚೀಲವನ್ನು ಆ ಹೆಗಲಿಗೆ ಹಾಕಿ ಹೊರಟಳು. ನನ್ನದೇ ಬೆನ್ನು, ನನ್ನದೇ ನಡಿಗೆ. ನೋಡಲಿಕ್ಕೆ ಬಹಳ ಚೆನ್ನಾಗಿತ್ತು. ಹೋದಳು. ಇನ್ನೂ ಹೋದಳು. ಆಗ ಶರತ್ ತಲೆಗೆ ಕೈ ಇಟ್ಟುಕೊಂಡದ್ದು ನನಗೆ ಕಾಣಿಸಿತು. ಸುಮತಿಗೆ ಹೋಗಲಿಕ್ಕೆ ಕಲಿಸಿದ್ದ, ಅಂಗಡಿಯವನಿಗೆ ಕರೆಯಲಿಕ್ಕೆ ಕಲಿಸಿರಲಿಲ್ಲ. ಶರತ್ ಈ ಕಾಲದ ಹುಡುಗ, ಫೋನಿನಲ್ಲೇ ಎಲ್ಲ ತರಿಸುವವನು. ಜೀವನದಲ್ಲಿ ಅಂಗಡಿಯಿಂದ ಸಿಟ್ಟು ಮಾಡಿ ಹೊರಟವನೇ ಅಲ್ಲ. ಕರೆಯುವುದು ಅಂಗಡಿಯವನ ಕರ್ತವ್ಯ ಎಂದು ಅವನಿಗೆ ಯಾರು ಹೇಳಬೇಕಿತ್ತು? ಹೊರಡುವುದರ ಬಗ್ಗೆ ಅಷ್ಟು ಹೊತ್ತು ಭಾಷಣ ಮಾಡಿದ ನನಗೂ ಅದು ಹೊಳೆದಿರಲಿಲ್ಲ.

ಅಂಗಡಿಯವನು ಬೀಡಿ ಸೇದುತ್ತಾ ಕೂತಿದ್ದ. ಸುಮತಿ ಪ್ರತೀಕ್ಷಾಳ ತೆಂಗಿನ ಮರಗಳನ್ನೆಲ್ಲ ದಾಟಿದಳು, ದೀಪಸ್ತಂಭ ದಾಟಿದಳು, ಹೊಯಿಗೆಗೆ ಇಳಿದಳು. ಮೇಡಂ ಕಂಟ್ರೋಲರಿನಲ್ಲಿದ್ದ ಗುಂಡಿಗಳನ್ನೆಲ್ಲ ಒತ್ತಿದರು. ಕರೆಯುವವರೆಗೆ ತಿರುಗಬಾರದೆಂದು ಬರೆದಿಟ್ಟದ್ದರಿಂದ ಅವಳು ತಿರುಗಲಿಲ್ಲ. ಮೊಣಕಾಲಷ್ಟು ನೀರು ಬಂತು, ಸೊಂಟದಷ್ಟು ಬಂತು. ನಾನು ಕಷ್ಟಪಟ್ಟು ಏರಿಸಿದ ಸೊಂಟ. ವಿನಯ್ ಹಣೆ ಒರೆಸಿಕೊಂಡು, "ಮೇಡಮ್ಮಾರ, ಸಣ್ಣದೊಂದು ತಪ್ಪಾಗೇತ್ರೀ, ಬಂದ್ ಮಾಡ್ತೀನಿ" ಎಂದು ಕೈ ಚಾಚಿದ.

ಮೇಡಂ ಅವನ ಕೈಯನ್ನು ದೂಡಿದರು. ಕುರ್ಚಿಯ ತುದಿಗೆ ಬಂದಿದ್ದರು. "ಹೋಗ್ತಾ ಇದಾಳಲ್ರೀ! ಯಾರಾದ್ರೂ ಕರೀರಿ ಅವಳನ್ನ!"

ಸುಮತಿಯ ಕುತ್ತಿಗೆಯವರೆಗೆ ನೀರು. ಚೀಲವನ್ನು ಮಾತ್ರ ತಲೆಯ ಮೇಲೆ ಎತ್ತಿ ಹಿಡಿದಿದ್ದಳು. ಅದನ್ನು ಅವಳು ಎಲ್ಲಿ ಕಲಿತಳೋ ನನಗೆ ಗೊತ್ತಿಲ್ಲ. ನನಗೆ ತಡೆಯಲಿಕ್ಕಾಗಲಿಲ್ಲ. "ಏ, ಬನ್ನಿ ಅಮ್ಮ, ಬನ್ನಿ! ಎಂತ ಸಿಟ್ಟು ಮಾರಾಯ್ತಿ! ನೀವು ಹೇಳಿದ ಬೆಲೆಗೇ ಕೊಡ್ತೇನೆ!" ಎಂದು ಪರದೆಗೆ ಕೂಗಿಬಿಟ್ಟೆ. ಅವಳಿಗೆ ಕೇಳಿಸಲಿಲ್ಲ. ಪೂರ್ತಿ ಮುಳುಗಿದಳು. ನೀರಿನೊಳಗೂ ಅದೇ ನಡಿಗೆ.

ಮೇಡಂ ಕಂಟ್ರೋಲರನ್ನು ಕೆಳಗಿಟ್ಟು, ಕನ್ನಡಕ ತೆಗೆದು ಒರೆಸಿದರು. "ನನ್ನ ಅಮ್ಮ ಹೀಗೇ ಹೊರಟುಬಿಡ್ತಿದ್ರು" ಎಂದರು. "ನಾವು ಮಕ್ಕಳು ಅಂಗಡಿಯವನ ಮುಖ ನೋಡ್ತಾ ಹಿಂದೆ ಹೋಗಬೇಕು. ಕರೀತಾನೋ ಇಲ್ವೋ ಅಂತ ನಮಗೆ ಪ್ರಾಣಸಂಕಟ." ಆಮೇಲೆ ಅವರು ಕೇಳಿದ ಪ್ರಶ್ನೆ ಒಂದೇ. "ಇವಳನ್ನ ಮಾಡಿದ್ದು ಯಾರು?" ಪ್ರತೀಕ್ಷಾ ಕೈ ಎತ್ತಿದಳು, ಶಾಲೆಯಲ್ಲಿ ಎತ್ತಿದ ಹಾಗೆ. ಅಗ್ನಿಕಾ ಬಂಡೆಯಿಂದ ಬಿದ್ದಾಗ ಗೋಳಿಬಜೆ ತಿಂದವರು, ಸುಮತಿ ಹೊರಟಾಗ ತಿನ್ನುವುದನ್ನು ಮರೆತಿದ್ದರು. ನಂಬಿಕೆ ಬಂತು ಎನ್ನಲಿಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ನನಗೆ ಬೇಡ.

ಇಲ್ಲಿಗೆ ಮುಗಿಸಿದ್ದರೆ ನನ್ನ ಮರ್ಯಾದೆ ಪೂರ್ತಿ ಇರುತ್ತಿತ್ತು. ಆದರೆ ಬಂದವರು ಹೋದ ಮೇಲೆ ನಾನು ವಿನಯ್‌ನ ಹತ್ತಿರ ನನ್ನ ಹೆಸರಿನ ವಿಷಯ ತೆಗೆದೆ. ಆಟ ಶುರುವಾಗುವಾಗ ದೊಡ್ಡ ಅಕ್ಷರದಲ್ಲಿ ಬರಬೇಕು ಎಂದೆ. "ಕಡೀಕ ಎಲ್ಲಾರ ಜೋಡಿ ಬರ್ತದ್ರೀ ಅಕ್ಕಾರ, ಧನ್ಯವಾದ ಅಂತ" ಎಂದ. ನಾನು ಕನಿಕರದಿಂದ ನಕ್ಕೆ. ಚಹಾದ ಲೋಟವನ್ನು ಮೆಲ್ಲ ಕೆಳಗಿಟ್ಟೆ. ಬೇರೆ ಕಂಪನಿಯವರೂ ಕೇಳುತ್ತಿದ್ದಾರೆ ಎಂದೆ. ವ್ಯಾನಿಟಿ ಬ್ಯಾಗನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿ ಹೊರಟೆ.

ಕಿವಿಯನ್ನು ಕೋಣೆಯಲ್ಲೇ ಬಿಟ್ಟು ಲಿಫ್ಟಿನವರೆಗೆ ಬಂದೆ. ಯಾರೂ ಕರೆಯಲಿಲ್ಲ. ಲಿಫ್ಟ್ ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ಪುನಃ ಬಂತು. ಒಳಗಿದ್ದವರು "ಬರ್ತೀರಾ ಆಂಟಿ?" ಎಂದು ಕೇಳಿದರು, ಇಲ್ಲ, ನೋಡ್ತಾ ಇದ್ದೇನೆ ಎಂದೆ. ತಿರುಗಿದರೆ ವ್ಯಾಪಾರ ಕೆಟ್ಟಿತು, ನಿಯಮ ನನ್ನದೇ. ಮೆಟ್ಟಿಲಿನಲ್ಲೇ ಇಳಿದೆ, ಬೇಗವೂ ಅಲ್ಲ ನಿಧಾನವೂ ಅಲ್ಲ. ಬಸ್ಸು ಹತ್ತಿದೆ. ಇಂದ್ರಾಳಿ ದಾಟುವಾಗ ನನಗೆ ಸುಮತಿಯ ಕುತ್ತಿಗೆಯವರೆಗೆ ನೀರು ಬಂದದ್ದು ನೆನಪಾಯಿತು.

ರಾತ್ರಿ ಪ್ರತೀಕ್ಷಾ ಬಂದವಳೇ, "ನೀವು ಎಲ್ಲಿ ಹೋದದ್ದು ದೊಡ್ಡಮ್ಮ? ನಿಮಗೂ ಐಸ್‌ಕ್ರೀಮ್ ತರಿಸಿದ್ದೆವು" ಎಂದಳು. ವಿನಯ್‌ಗೆ ನಾನು ಸಿಟ್ಟು ಮಾಡಿ ಹೋದದ್ದೇ ಗೊತ್ತಿಲ್ಲ; ಅಂಗಡಿ ಬಾಗಿಲು ತೆರೆಯುವ ಹೊತ್ತಾಯಿತೆಂದು ಹೋದರು ಅಂದುಕೊಂಡನಂತೆ. ಪ್ರತೀಕ್ಷಾ ಮತ್ತು ಶರತ್ ಇಬ್ಬರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸುಮತಿಯನ್ನು ಸಮುದ್ರದಿಂದ ಮೇಲೆ ತರುವುದರಲ್ಲಿದ್ದರು. ಅಷ್ಟರಲ್ಲಿ ನನಗೆ ಹೊಳೆಯಿತು: ನನ್ನ ಗೋಳಿಬಜೆಯ ಡಬ್ಬ ಅಲ್ಲೇ ಬಾಕಿ.

ಸ್ಟೀಲ್ ಡಬ್ಬಕ್ಕಾಗಿ ವಾಪಸು ಹೋಗುವುದು ಸೋಲಲ್ಲ. ಮರುದಿನ ಬೆಳಿಗ್ಗೆ ತಲೆ ಎತ್ತಿಕೊಂಡೇ ಹೋದೆ. ಡಬ್ಬ ತೊಳೆದಿಟ್ಟಿದ್ದರು. ಒಳಗೆ ಅಂಗಡಿಯವನು ಕರೆಯುವ ಧ್ವನಿ ಯಾರದ್ದು ಹಾಕುವುದು ಎಂದು ಚರ್ಚೆ ನಡೆಯುತ್ತಿತ್ತು. ನಿನ್ನೆ ನಾನು ಪರದೆಗೆ ಕೂಗಿದ ಹಾಗೆ ಇನ್ನೊಮ್ಮೆ ಕೂಗಬೇಕೆಂದು ಪ್ರತೀಕ್ಷಾ ಮೈಕ್ ಹಿಡಿದಳು. ಹೆಸರಿನ ವಿಷಯ ಅಲ್ಲಿಯೇ ಮುಗಿಸಿದೆ: ಬರುವುದು ಕಡೆಗೇ, ಆದರೆ ಬೇರೆಯವರ ಹೆಸರಿಗಿಂತ ಅಕ್ಷರ ಸ್ವಲ್ಪ ದಪ್ಪ. ಆಮೇಲೆ ಮೈಕಿಗೆ ಕೂಗಿದೆ. ಹಾಗಾಗಿ ಈಗ ಆ ಆಟದಲ್ಲಿ ಹಗ್ಗದಂಗಡಿಯಲ್ಲಿ ಗಂಡಸಿನ ಬದಲು ಒಬ್ಬ ಹೆಂಗಸು ಕೂತಿದ್ದಾಳೆ. ಸಿಟ್ಟು ಮಾಡಿ ಹೊರಡುವವಳೂ ನಾನೇ, "ಬನ್ನಿ ಅಮ್ಮ" ಎಂದು ಕರೆಯುವವಳೂ ನಾನೇ. ಪ್ರತೀಕ್ಷಾ ಈಗ ಮನುಷ್ಯರನ್ನು ಬಿಡಿಸುತ್ತಾಳೆ. ತೆಂಗಿನ ಮರಕ್ಕೆ ಬೇರೆ ಜನ ನೇಮಿಸಿದ್ದಾರೆ. ನನ್ನ ಅಂಗಡಿಯ ಗೊಂಬೆಗೆ ಮಾತ್ರ ಕ್ಲಿಪ್ ಹಾಗೆಯೇ ಉಂಟು. ಒಂದು ದಿನಕ್ಕೆ ಒಂದು ಸುಧಾರಣೆ ಸಾಕು.

ನಿಮಗೆ ನಾನು ಹೇಳುವುದು ಇಷ್ಟೇ. ಎಲ್ಲಿಂದಲಾದರೂ ಸಿಟ್ಟು ಮಾಡಿ ಹೊರಡುವುದಿದ್ದರೆ, ಧಾರಾಳವಾಗಿ ಹೊರಡಿ. ನಡಿಗೆ ಹೇಗಿರಬೇಕೆಂದು ಮೇಲೆ ವಿವರಿಸಿದ್ದೇನೆ. ಹೊರಡುವ ಮೊದಲು ಎದುರಿನವರ ಕಿವಿ ಒಮ್ಮೆ ನೋಡಿಕೊಳ್ಳಿ. ಮತ್ತು ಏನಾದರೂ ಒಂದನ್ನು ಅಲ್ಲೇ ಮರೆತು ಹೋಗಿ. ಕೊಡೆ ಆಗಬಹುದು, ಡಬ್ಬ ಇನ್ನೂ ಒಳ್ಳೆಯದು. ಮುಚ್ಚಳ ಬೇರೆ, ಡಬ್ಬ ಬೇರೆ ಬಿಟ್ಟು ಬಂದರೆ ಎರಡು ಸಲ ಹೋಗಬಹುದು.